ಕೈಯಾರೆ ಕಟ್ಟಿದ ಹೆಡ್‌ಫೋನ್ ಧ್ವನಿವರ್ಧಕದ ದೋಷಶೋಧನೆ

ಹೆಡ್‌ಫೋನಿನಲ್ಲಿ ಸಂಗೀತವನ್ನು ಕೇಳುವವರಿಗೆ ಕೆಲವೊಮ್ಮೆ ಧ್ವನಿಯು ಕ್ಷೀಣವಾಗಿ ತೋರುವುದುಂಟು. ಈ ಕೊರತೆಯನ್ನು ನೀಗುವ ಸಲುವಾಗಿ ಚು ಮೊಯ್ ಎಂಬವರು ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಧ್ವನಿವರ್ಧಕದ ನಕ್ಷೆಯನ್ನು ಪ್ರಕಟಿಸಿದರು. ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯೊಳಗೆ ಇದನ್ನು ಕಟ್ಟುವುದು ವಿದ್ಯುತ್ತಿನ ವಿಷಯದಲ್ಲಿ ಆಸಕ್ತರಾದ ಎಳೆಯರಿಗೆ ಮೆಚ್ಚಿನ ಕೆಲಸವಾಗಿದೆ. ಆದರೆ ಬಹುಶ್ರಮದಿಂದ ಕಟ್ಟಿದ ಯಂತ್ರವು ಮೂಕವಾಗಿ ಕುಳಿತರೆ ಮಕ್ಕಳ ಮುಖವು ಬಾಡುವುದು; ಹಿರಿಯರು “ಅಂಗಡಿಯಿಂದ ಹೊಸದೊಂದನ್ನು ತಂದರಾಯಿತು” ಎನ್ನುವರು. ಹಾಗೆ ಮಾಡುವುದರಿಂದ ಈ ಕೆಲಸದ ಅತ್ಯುತ್ತಮವಾದ ಪಾಠವೇ ಕೈತಪ್ಪುವುದು. ದೋಷವನ್ನು ಊಹೆಯಿಂದಲ್ಲ, ಅಳತೆಯಿಂದಲೇ ಹುಡುಕಬೇಕೆಂಬುದೇ ಆ ಪಾಠ.

ಮೊದಲು ಯಂತ್ರದ ರಚನೆಯನ್ನು ತಿಳಿಯೋಣ. ೯ ವೋಲ್ಟಿನ ಒಂದು ಬ್ಯಾಟರಿಯ ಎರಡು ತುದಿಗಳ ನಡುವೆ ೪.೭ ಕಿಲೋ ಓಂನ ಎರಡು ರೆಸಿಸ್ಟರುಗಳನ್ನು ಒಂದರ ಮುಂದೊಂದು ಜೋಡಿಸಿರುತ್ತದೆ. ಅವೆರಡೂ ಕೂಡುವ ಸ್ಥಳವನ್ನು ನಡುಬಿಂದುವೆನ್ನೋಣ. ಉಯ್ಯಾಲೆಯು ತನ್ನ ನಿಲುಗಡೆಯ ಸ್ಥಾನದಿಂದ ಹಿಂದಕ್ಕೂ ಮುಂದಕ್ಕೂ ತೂಗುವಂತೆ, ಧ್ವನಿಯ ವಿದ್ಯುತ್ತು ಈ ನಡುಬಿಂದುವಿನಿಂದ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಎಂಟು ಕಾಲುಗಳುಳ್ಳ ಒಂದು ಐ.ಸಿ.ಯು ಎಡಬಲ ಕಿವಿಗಳೆರಡಕ್ಕೂ ಬೇಕಾದ ಧ್ವನಿಯನ್ನು ವರ್ಧಿಸುತ್ತದೆ. ೧೦ ಕಿಲೋ ಓಂ ಮತ್ತು ೧ ಕಿಲೋ ಓಂನ ರೆಸಿಸ್ಟರುಗಳನ್ನು ಅದಕ್ಕೆ ಜೋಡಿಸಿದ್ದರೆ ವರ್ಧನೆಯು ೧೧ ಪಾಲು.

ಪರೀಕ್ಷೆಯ ಮೊದಲನೆಯ ನಿಯಮವೇನೆಂದರೆ, ಅಳತೆ ಮುಗಿಯುವವರೆಗೆ ಹೆಡ್‌ಫೋನನ್ನು ಸಿಕ್ಕಿಸಲೇ ಕೂಡದು. ಯಂತ್ರದಿಂದ ನೇರವಿದ್ಯುತ್ತು ಹರಿದರೆ ಅದರೊಳಗಿನ ಸೂಕ್ಷ್ಮವಾದ ತಂತಿಯ ಸುರುಳಿಯು ಕಾದು ಕೆಡುವುದು, ಕಿವಿಗೂ ಆಘಾತವಾದೀತು. ಮಲ್ಟಿಮೀಟರನ್ನು ತೆಗೆದುಕೊಂಡು, ಸ್ವಿಚ್ಚನ್ನು ಹಾಕಿ, ಅದರ ಕಪ್ಪು ಕಡ್ಡಿಯನ್ನು ನಡುಬಿಂದುವಿಗೆ ತಾಗಿಸಿರಿ. ಹೊಸ ಬ್ಯಾಟರಿಯಿದ್ದಲ್ಲಿ ಐ.ಸಿ.ಯ ೮ನೆಯ ಕಾಲಿನಲ್ಲಿ ಸುಮಾರು ೪.೫ ವೋಲ್ಟು ಧನವೂ, ೪ನೆಯ ಕಾಲಿನಲ್ಲಿ ಅಷ್ಟೇ ಋಣವೂ ತೋರಬೇಕು. ಧ್ವನಿಯು ಹೊರಬರುವ ೧ ಮತ್ತು ೭ನೆಯ ಕಾಲುಗಳಲ್ಲಿ ಕೆಲವೇ ಮಿಲಿವೋಲ್ಟುಗಳಿರಬೇಕು. ೨೦ನ್ನು ಮೀರಿದರೆ ಕಾರಣವನ್ನು ಹುಡುಕತಕ್ಕದ್ದು.

ನಡುಬಿಂದುವು ನಡುವಿನಲ್ಲಿಲ್ಲದಿದ್ದರೆ ಡಬ್ಬಿಯನ್ನೇ ಮೊದಲು ಶಂಕಿಸಿರಿ. ಹೆಡ್‌ಫೋನನ್ನು ಸಿಕ್ಕಿಸುವ ಜ್ಯಾಕಿನ ಲೋಹದ ಹೊರಮೈಯು ನಡುಬಿಂದುವಿಗೆ ಸೇರಿರುವುದುಂಟು. ಅದೂ, ಬ್ಯಾಟರಿಯ ಋಣಾಗ್ರವೂ ತಗಡನ್ನು ಮುಟ್ಟಿದರೆ ಎರಡೂ ಒಂದಾಗಿ, ಒಂದು ಕಡೆ ೯ ವೋಲ್ಟು, ಇನ್ನೊಂದು ಕಡೆ ಸೊನ್ನೆಯಾಗಿ, ಧ್ವನಿಯು ಒಡೆದು ಕೇಳುವುದು. ಡಬ್ಬಿಯ ಒಳಮೈಗೆ ದಪ್ಪ ರಟ್ಟನ್ನು ಹೊಂದಿಸಿದರೆ ಈ ತೊಂದರೆಯು ತೊಲಗುವುದು.

ಐ.ಸಿ.ಯು ಬೆರಳಿಗೆ ಸುಡುವಷ್ಟು ಕಾದರೆ ಕೂಡಲೇ ಬ್ಯಾಟರಿಯನ್ನು ಕಳಚಿರಿ. ಅದನ್ನು ತಿರುವುಮುರುವಾಗಿ ಕೂರಿಸಿರಬಹುದು. ೧ನೆಯ ಕಾಲಿರುವ ತುದಿಯನ್ನು ಅದರ ಮೇಲಿನ ಕಚ್ಚು ತೋರಿಸುತ್ತದೆ. ಸರಿಯಾಗಿಯೇ ಕೂರಿಸಿದ್ದರೂ ಕಾಯುತ್ತಿದ್ದರೆ, ಕಿವಿಗೆ ಕೇಳಿಸದಷ್ಟು ವೇಗದಲ್ಲಿ ಅದು ತಾನೇ ಕಂಪಿಸುತ್ತಿರಬಹುದು. ೪ ಮತ್ತು ೮ನೆಯ ಕಾಲುಗಳ ನಡುವೆ, ಅವುಗಳಿಗೆ ಅತಿ ಸಮೀಪದಲ್ಲಿ, ೦.೧ ಮೈಕ್ರೋಫ್ಯಾರಡಿನ ಕೆಪಾಸಿಟರೊಂದನ್ನು ಬೆಸೆಯುವುದು ಇದಕ್ಕೆ ವಾಡಿಕೆಯ ಪರಿಹಾರ.

ಅಳತೆಗಳೆಲ್ಲ ಸರಿಯಾಗಿದ್ದ ಮೇಲೆ, ಬೆಲೆ ಕಡಮೆಯ ಹೆಡ್‌ಫೋನೊಂದನ್ನು ಸಿಕ್ಕಿಸಿ ಕೇಳಬಹುದು. ಒಂದೇ ಕಿವಿಯಲ್ಲಿ ಧ್ವನಿಯಿಲ್ಲವೆ? ಹಾಗಾದರೆ ಅದೇ ಹೆಡ್‌ಫೋನನ್ನು ಸಂಗೀತ ಬರುವ ಉಪಕರಣಕ್ಕೆ ನೇರವಾಗಿ ಸಿಕ್ಕಿಸಿ ನೋಡಿರಿ. ಅಲ್ಲಿ ಎರಡು ಕಿವಿಗಳೂ ಕೇಳಿದರೆ ದೋಷವು ಯಂತ್ರದಲ್ಲಿಯೋ ಸಂಪರ್ಕದ ತಂತಿಯಲ್ಲಿಯೋ ಇದೆ. ಯಂತ್ರದ ಎಡಬಲ ಭಾಗಗಳು ಅವಳಿ ಮಕ್ಕಳಂತೆ. ಆದುದರಿಂದ ಕೆಟ್ಟ ಭಾಗಕ್ಕೆ ಒಳ್ಳೆಯ ಭಾಗವೇ ಗುರು. ಬ್ಯಾಟರಿಯನ್ನು ತೆಗೆದು, ಎರಡರಲ್ಲಿಯೂ ಒಂದೊಂದೇ ಜಾಗವನ್ನು ಅಳೆದು ಹೋಲಿಸುತ್ತ ಹೋದರೆ, ವ್ಯತ್ಯಾಸ ಕಂಡಲ್ಲಿ ದೋಷವು ಸಿಕ್ಕುವುದು. ಅನೇಕ ವೇಳೆ ಅದು ಸರಿಯಾಗಿ ಕರಗದೆ, ಕಾಲಿಗೆ ಅಂಟದೆ, ಉಂಡೆಯಾಗಿ ನಿಂತ ಬೆಸುಗೆಯೇ ಆಗಿರುತ್ತದೆ. ಮತ್ತೆ ಕಾಯಿಸಿ ತುಸು ಹೊಸ ಬೆಸುಗೆಯನ್ನು ಕೊಟ್ಟರೆ ಸಾಕು.

ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಪ್ರತಿಯೊಂದು ಅಳತೆಯನ್ನೂ ಪುಸ್ತಕದಲ್ಲಿ ಬರೆದಿಡುವುದು, ಈ ಎರಡು ಅಭ್ಯಾಸಗಳನ್ನು ಮಕ್ಕಳು ಬಿಡಬಾರದು. ತಾಯಿತಂದೆಗಳು ಒಂದು ಮಲ್ಟಿಮೀಟರನ್ನು ತಂದುಕೊಟ್ಟು, ಹುಡುಕಾಟಕ್ಕೆ ಎರಡು ಸಂಜೆಗಳ ಸಾವಧಾನವನ್ನೂ ದಯಪಾಲಿಸಲಿ. ಕೊಂಡುತಂದ ಯಂತ್ರವು ಕೆಟ್ಟಾಗ ಎಸೆಯುವ ಕೈಗಳಿಗಿಂತ, ತಾನು ಕಟ್ಟಿದ್ದನ್ನು ತಾನೇ ತಿದ್ದಬಲ್ಲ ಕೈಗಳು ಮನೆಗೆ ಹೆಚ್ಚಿನ ಸಂಪತ್ತು.