ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರವೆಷ್ಟು, ಹೊತ್ತೆಷ್ಟು?

ಮಗನೋ ಮಗಳೋ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮನೆಗಳು ಇಂದು ನಮ್ಮಲ್ಲಿ ವಿರಳವಲ್ಲ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ಕಾಣಲೆಂದೋ ಹೊರಡುವ ಹಿರಿಯರು ಕೇಳುವ ಮೊದಲ ಪ್ರಶ್ನೆ, 'ಎಷ್ಟು ಹೊತ್ತಿನ ದಾರಿ?' ಇದಕ್ಕೆ ಸರಿಯಾದ ಉತ್ತರವನ್ನು ಅರಿತಿರುವುದು ಮನೆಮಂದಿಗೆಲ್ಲ ಅಗತ್ಯ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವಿನ ನೇರ ವಾಯುದೂರ ಸುಮಾರು 14,000 ಕಿಲೋಮೀಟರ್. ಗೋಡೆಯ ಭೂಪಟದಲ್ಲಿ ಈ ದಾರಿ ಪೆಸಿಫಿಕ್ ಸಾಗರವನ್ನು ಅಡ್ಡಹಾಯುವಂತೆ ತೋರುತ್ತದೆ. ಆದರೆ ಭೂಮಿ ದುಂಡಗಿದೆ. ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ, ಅದು ಚೀನಾ ಮತ್ತು ಸೈಬೀರಿಯಾಗಳನ್ನು ದಾಟಿ, ಉತ್ತರ ಧ್ರುವ ಪ್ರದೇಶದ ಅಂಚಿನಲ್ಲಿ ಸುತ್ತಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುವುದನ್ನು ಕಾಣಬಹುದು. ಅದೇ ಅತಿ ಹತ್ತಿರದ ದಾರಿ. ಗಾಳಿಯ ವೇಗ, ಎತ್ತರದ ಪರ್ವತಗಳು, ದೇಶಗಳು ಮುಚ್ಚಿದ ವಾಯುಪ್ರದೇಶ ಇವುಗಳಿಂದಾಗಿ ವಿಮಾನವು ಈ ದಾರಿಯನ್ನು ಬಿಟ್ಟು ಬಳಸಿ ಹೋಗುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ವಿಮಾನ ಚಾಲಕಿಯರು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದರು. 9ರ ರಾತ್ರಿ ಹೊರಟ ಆ ವಿಮಾನ ಇಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಆಕಾಶದಲ್ಲಿ ಕಳೆದದ್ದು ಮಾತ್ರ ಸುಮಾರು 17 ಗಂಟೆ.

ಈ ಗೊಂದಲಕ್ಕೆ ಕಾರಣ ಗಡಿಯಾರ. ಚಳಿಗಾಲದಲ್ಲಿ ಅಲ್ಲಿಯ ಸಮಯ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟ ವಿಮಾನ ಅಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯಿತೆನ್ನೋಣ. ಟಿಕೆಟ್ಟಿನಲ್ಲಿ ಕಾಣುವುದು ಮೂರೇ ಗಂಟೆ. ಹದಿಮೂರೂವರೆಯನ್ನು ಕೂಡಿಸಿದರೆ ನಿಜವಾದ ಪ್ರಯಾಣ ಹದಿನಾರೂವರೆ ಗಂಟೆ.

ದುಬೈ ಮಾರ್ಗವಾಗಿ ಹೋದರೆ ಅಲ್ಲಿಯವರೆಗೆ ಸುಮಾರು 2,700, ಅಲ್ಲಿಂದ ಮುಂದೆ ಸುಮಾರು 13,000 ಕಿಲೋಮೀಟರ್. ಹೆಚ್ಚಾಗುವ ಹಾರಾಟ ಎರಡು ಗಂಟೆಯ ಆಸುಪಾಸು. ಹೊತ್ತನ್ನು ನುಂಗುವುದು ನಡುವಿನ ಕಾಯುವಿಕೆ. ಆದುದರಿಂದ ಹಿರಿಯರಿಗೆ ಟಿಕೆಟ್ ಕೊಳ್ಳುವಾಗ ದರವನ್ನಷ್ಟೇ ನೋಡದೆ, ಇಲ್ಲಿಯ ಹೊಸ್ತಿಲಿನಿಂದ ಅಲ್ಲಿಯ ಹೊಸ್ತಿಲಿನವರೆಗಿನ ಗಂಟೆಗಳನ್ನು ಎಣಿಸಬೇಕು. ದೀರ್ಘಕಾಲ ಕುಳಿತೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಆಗಾಗ ಎದ್ದು ನಡೆದಾಡಬೇಕು. ಔಷಧಗಳು ಕೈಚೀಲದಲ್ಲಿಯೇ ಇರಲಿ. ಮಧುಮೇಹವುಳ್ಳವರು ಗುಳಿಗೆ, ಇನ್ಸುಲಿನ್‌ಗಳ ವೇಳೆಯನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು.

ಈ ಲೆಕ್ಕ ಮನೆಯಲ್ಲಿ ಉಳಿದವರಿಗೂ ಬೇಕು. ಹಾವೇರಿಯ ಅಥವಾ ಬೀದರದ ಮನೆಯಲ್ಲಿ ಹಿರಿಯರು ಕಾಯಿಲೆ ಬಿದ್ದಾಗ, 'ದೂರದಲ್ಲಿರುವ ಮಕ್ಕಳಿಗೆ ಗಾಬರಿ ಬೇಡ' ಎಂದು ಸುದ್ದಿಯನ್ನು ತಡೆಹಿಡಿಯುವುದು ನಮ್ಮಲ್ಲಿ ವಾಡಿಕೆ. ಸುದ್ದಿ ಕ್ಷಣದಲ್ಲಿ ಮುಟ್ಟುತ್ತದೆ. ಆದರೆ ಮಗ ಟಿಕೆಟ್ ದೊರಕಿಸಿಕೊಂಡು, ವಿಮಾನವೇರಿ, ಬೆಂಗಳೂರಿನಲ್ಲಿಳಿದು ಮನೆಯ ಬಾಗಿಲಿಗೆ ಬರಲು ಒಂದೂವರೆ ದಿನವಾದರೂ ಬೇಕು. ಆ ಒಂದೂವರೆ ದಿನವನ್ನು ಮಕ್ಕಳಿಗೆ ಉಳಿಸಿಕೊಡುವುದು ಹೇಳುವವರ ಕೈಯಲ್ಲಿದೆ.