ಚಿತ್ರಕಲಾ ವಿದ್ಯಾರ್ಥಿಗಳು ತಮ್ಮ ಚಿತ್ರಗಳುಳ್ಳ ವಸ್ತುಗಳನ್ನು ತಯಾರಿಸಿ ಮಾರಾಟ ಮಾಡುವ ಕುರಿತು ಮಾಹಿತಿ

ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಚಿತ್ರಕಲಾ ವಿದ್ಯಾರ್ಥಿಗಳು ತಾವು ರಚಿಸಿದ ಚಿತ್ರಗಳನ್ನು ಟೀ ಶರ್ಟ್, ಕೈಚೀಲ, ಅಂಚೆಕಾರ್ಡ್, ಸ್ಟಿಕ್ಕರ್ ಮುಂತಾದವುಗಳ ಮೇಲೆ ಮುದ್ರಿಸಿ ಮಾರಾಟ ಮಾಡಬಯಸಿದಲ್ಲಿ ಅನ್ವಯವಾಗುವ ಮುಖ್ಯ ನಿಯಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಚಿತ್ರದ ಮೇಲಿನ ಹಕ್ಕು

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಚಿತ್ರವನ್ನು ರಚಿಸಿದವರೇ ಸಾಮಾನ್ಯವಾಗಿ ಅದರ ಪ್ರಥಮ ಹಕ್ಕುದಾರರಾಗಿರುತ್ತಾರೆ. ನೋಂದಣಿ ಕಡ್ಡಾಯವಲ್ಲ. ರಚನಕಾರರ ಜೀವಿತಾವಧಿ ಹಾಗೂ ಆ ನಂತರದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ.

ಬಳ್ಳಾರಿಯು ಜೀನ್ಸ್ ಉಡುಪುಗಳ ತಯಾರಿಕೆಗೆ ಹೆಸರಾದ ಊರು. ಆದುದರಿಂದ ವಿದ್ಯಾರ್ಥಿಯು ತನ್ನ ಚಿತ್ರವನ್ನು ಉಡುಪು ಘಟಕವೊಂದಕ್ಕೆ ನೀಡುವ ಸಂದರ್ಭ ಒದಗಬಹುದು. ಬಾಯಿಮಾತಿನಿಂದ ಹಕ್ಕು ವರ್ಗಾವಣೆಯಾಗುವುದಿಲ್ಲ. ವರ್ಗಾವಣೆಯು ಲಿಖಿತವಾಗಿದ್ದು ಹಕ್ಕುದಾರರ ಸಹಿಯನ್ನು ಹೊಂದಿರತಕ್ಕದ್ದು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದಲ್ಲಿ 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದಲ್ಲಿ ಇಡೀ ಭಾರತವೆಂದೂ ಭಾವಿಸಲಾಗುತ್ತದೆ. ಆದರೆ ಘಟಕದಲ್ಲಿ ನೌಕರಿಯಲ್ಲಿದ್ದು ಆ ಕೆಲಸದ ಭಾಗವಾಗಿ ಬರೆದ ಚಿತ್ರವಾಗಲಿ, ಮತ್ತೊಬ್ಬರ ಕೋರಿಕೆಯಂತೆ ಹಣ ಪಡೆದು ಬರೆದುಕೊಟ್ಟ ವರ್ಣಚಿತ್ರ ಅಥವಾ ಭಾವಚಿತ್ರವಾಗಲಿ, ಬೇರೆ ಕರಾರು ಇಲ್ಲದಿದ್ದರೆ ಬರೆಸಿದವರ ಸ್ವತ್ತಾಗುತ್ತದೆ. ಆದ್ದರಿಂದ ಮುಂಗಡ ಪಡೆಯುವ ಮೊದಲೇ ಕರಾರುಪತ್ರ ಬರೆದುಕೊಳ್ಳುವುದು ಸೂಕ್ತ. 18 ವರ್ಷ ತುಂಬದವರು ಸ್ವತಃ ಮಾಡಿಕೊಂಡ ಕರಾರಿಗೆ ಕಾನೂನಿನ ಮಾನ್ಯತೆ ಇರುವುದಿಲ್ಲ.

ಇನ್ನೊಂದು ಅಂಶವು ಅನೇಕರ ಗಮನಕ್ಕೆ ಬರುವುದಿಲ್ಲ. ವಿನ್ಯಾಸವಾಗಿ ನೋಂದಾಯಿಸಲು ಅರ್ಹವಾದುದನ್ನು ನೋಂದಾಯಿಸದೆ, ಹಕ್ಕುದಾರರೇ ಅಥವಾ ಅವರ ಅನುಮತಿ ಪಡೆದವರು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ವಸ್ತುಗಳಲ್ಲಿ ಬಳಸಿದಲ್ಲಿ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ವಿನ್ಯಾಸಗಳ ಅಧಿನಿಯಮ, 2000ರಡಿ ನೋಂದಣಿಯು 10 ವರ್ಷ ಊರ್ಜಿತದಲ್ಲಿದ್ದು, ಮತ್ತೆ 5 ವರ್ಷ ವಿಸ್ತರಿಸಬಹುದು. ವಿನ್ಯಾಸವನ್ನು ಬಹಿರಂಗಪಡಿಸುವ ಮುನ್ನವೇ ಅರ್ಜಿ ಸಲ್ಲಿಸತಕ್ಕದ್ದು.

ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದ ನಂದಿ, ಬಳ್ಳಾರಿಯ ಕೋಟೆ ಇವುಗಳನ್ನು ಯಾರು ಬೇಕಾದರೂ ಚಿತ್ರಿಸಬಹುದು. ಇತರರು ತೆಗೆದ ಛಾಯಾಚಿತ್ರವನ್ನು ನಕಲು ಮಾಡಲು ಮಾತ್ರ ಅವರ ಅನುಮತಿ ಬೇಕು. ರಾಷ್ಟ್ರಧ್ವಜ ಹಾಗೂ ಗಂಡಭೇರುಂಡವುಳ್ಳ ರಾಜ್ಯ ಲಾಂಛನವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಅಧಿನಿಯಮವು ನಿಷೇಧಿಸುತ್ತದೆ.

ತೆರಿಗೆ

ರಾಜ್ಯದೊಳಗೆ ಸರಕುಗಳನ್ನಷ್ಟೇ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಅಗತ್ಯವಿಲ್ಲ. ಗಡಿಭಾಗದವರು ಇಲ್ಲಿ ಎಚ್ಚರ ವಹಿಸಬೇಕು. ಸಿರುಗುಪ್ಪದಿಂದ ಆಂಧ್ರಪ್ರದೇಶದ ಆದೋನಿ ದೂರವಿಲ್ಲ; ಆದರೆ ಅಲ್ಲಿಗೆ ಅಂಚೆಯಲ್ಲಿ ಕಳುಹಿಸಿದ ಒಂದೇ ಟೀ ಶರ್ಟ್ ಸಹ ಅಂತರರಾಜ್ಯ ಮಾರಾಟವಾಗಿದ್ದು, ವಹಿವಾಟು ಎಷ್ಟೇ ಇದ್ದರೂ ನೋಂದಣಿ ಕಡ್ಡಾಯ. ಅಧಿಸೂಚಿತ ಕರಕುಶಲ ವಸ್ತುಗಳಿಗೆ 20 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ. ಆದೋನಿಯ ಗ್ರಾಹಕರು ಸಿರುಗುಪ್ಪಕ್ಕೇ ಬಂದು ಕೊಂಡೊಯ್ದರೆ ಅದು ರಾಜ್ಯದೊಳಗಿನ ಮಾರಾಟವೇ ಆಗಿರುತ್ತದೆ.

ಆನ್‌ಲೈನ್ ಮಾರಾಟ ತಾಣಗಳ ಮೂಲಕ ನೋಂದಣಿಯಿಲ್ಲದವರೂ ರಾಜ್ಯದೊಳಗೆ ಸರಕು ಮಾರಲು 1 ಅಕ್ಟೋಬರ್ 2023ರಿಂದ ಅವಕಾಶ ಕಲ್ಪಿಸಲಾಗಿದೆ. ಇದಕ್ಕಾಗಿ ಪ್ಯಾನ್ ವಿವರ ನೀಡಿ ಜಿ.ಎಸ್.ಟಿ. ಜಾಲತಾಣದಲ್ಲಿ ದಾಖಲಾತಿ ಸಂಖ್ಯೆಯನ್ನು ಪಡೆಯತಕ್ಕದ್ದು.

ಇತರೆ

ಮೊದಲೇ ಪೊಟ್ಟಣ ಕಟ್ಟಿ ಮಾರುವ ವಸ್ತುಗಳ ಮೇಲೆ ತಯಾರಕರ ಹೆಸರು, ವಿಳಾಸ, ಸಂಖ್ಯೆ ಅಥವಾ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ನಮೂದಿಸಬೇಕು. ಕಿರು ಉದ್ಯಮವಾಗಿ ನೋಂದಾಯಿಸಬಯಸುವವರು ಉದ್ಯಮ್ ಜಾಲತಾಣದಲ್ಲಿ ಆಧಾರ್ ಮೂಲಕ ಅರ್ಜಿ ಸಲ್ಲಿಸಬಹುದು. ಈ ನೋಂದಣಿಗೆ ಯಾವುದೇ ಶುಲ್ಕವಿಲ್ಲ. ಹಣ ಕೇಳುವ ಖಾಸಗಿ ತಾಣಗಳು ಸರ್ಕಾರದವಲ್ಲ. ಹೆಚ್ಚಿನ ವಿವರಗಳಿಗೆ ಬಳ್ಳಾರಿಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸುವುದು.