ಬೆಳೆಯ ಲೆಕ್ಕವನ್ನು ಶೀಘ್ರವಾಗಿ ಕೂಡಿಸುವ ಕ್ರಮ

ಬತ್ತದ ಗದ್ದೆಯಲ್ಲಿ ಕಳೆ ಹೆಚ್ಚಿದಾಗ ಒಕ್ಕಲಿಗನು ಒಂದೇ ಆಳನ್ನು ಇಳಿಸಿ ಸುಮ್ಮನಿರುವುದಿಲ್ಲ. ಹಲವು ಆಳುಗಳು ಸಾಲು ಹಿಡಿದು ನಡೆದರೆ ವಾರದ ಕೆಲಸವು ಒಂದೆರಡು ದಿನಗಳಲ್ಲಿ ಮುಗಿಯುವುದು. ಗಣಕಯಂತ್ರದಲ್ಲಿರುವ ಭೂದಾಖಲೆಗಳ ಲೆಕ್ಕಕ್ಕೂ ಈ ನಿಯಮವು ಸಲ್ಲುವುದು.

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು 2000ನೆಯ ಇಸವಿಯ ಆಸುಪಾಸಿನಲ್ಲಿ ಗಣಕಯಂತ್ರಕ್ಕೆ ಏರಿದವು. ಇಂತಹ ದಾಖಲೆಗಳನ್ನು ಕುರಿತ ಪ್ರಶ್ನೆಗಳು ಎರಡು ಬಗೆ. ಲಿಂಗಸುಗೂರಿನ ರೈತನು ತನ್ನ ಒಂದು ಸರ್ವೆ ನಂಬರಿನ ಪಹಣಿಯನ್ನು ಕೇಳಿದರೆ, ಪುಸ್ತಕದ ಅಕಾರಾದಿಯಂತಿರುವ ಸೂಚಿಯ ನೆರವಿನಿಂದ ಅದು ಕ್ಷಣದಲ್ಲಿ ದೊರೆಯುವುದು. ಇಲ್ಲಿ ಹೆಚ್ಚು ಆಳುಗಳ ಅವಶ್ಯಕತೆಯಿಲ್ಲ. ಆದರೆ ಸಿಂಧನೂರು, ಲಿಂಗಸುಗೂರು, ಮತ್ತು ಇವೆರಡರ ಹಾಗೂ ಮಾನ್ವಿಯ ಗ್ರಾಮಗಳಿಂದ ರಚಿತವಾದ ಮಸ್ಕಿ, ಈ ಮೂರು ತಾಲ್ಲೂಕುಗಳಲ್ಲಿ ಈ ಹಂಗಾಮಿಗೆ ಬತ್ತವೆಷ್ಟು ಎಕರೆ, ತೊಗರಿಯೆಷ್ಟು ಎಕರೆ ಎಂದು ಕೇಳಿದರೆ ಪ್ರತಿಯೊಂದು ದಾಖಲೆಯನ್ನೂ ಓದಬೇಕಾಗುವುದು. ಬೆಳೆನಷ್ಟದ ಪರಿಹಾರಕ್ಕೂ ಬೆಂಬಲ ಬೆಲೆಯ ಖರೀದಿಗೂ ಬೆಳೆಯ ದಾಖಲೆಯೇ ಆಧಾರವಾದುದರಿಂದ, ಈ ಲೆಕ್ಕವು ತಡವಾಗುವುದು ರೈತನಿಗೆ ಹಿತವಲ್ಲ.

ಇಂತಹ ದೊಡ್ಡ ಲೆಕ್ಕವನ್ನು ಹಂಚಿಕೊಂಡು ಮಾಡುವ ಏರ್ಪಾಡು ಹಲವು ಡೇಟಾಬೇಸುಗಳಲ್ಲಿ ಉಂಟು. ಎಲ್ಲರಿಗೂ ಉಚಿತವಾಗಿ ದೊರೆಯುವ ಪೋಸ್ಟ್‌ಗ್ರೆಸ್ ಎಂಬುದರಲ್ಲಿ ಇದು 2016ರಲ್ಲಿ ಹೊರಬಂದ 9.6ನೆಯ ಆವೃತ್ತಿಯಿಂದ ಬಳಕೆಗೆ ಬಂದಿತು. ಪ್ರಶ್ನೆಯನ್ನು ಸ್ವೀಕರಿಸಿದ ಮುಖ್ಯ ಕಾರ್ಯವು ಹಿನ್ನೆಲೆಯಲ್ಲಿ ಸಹಾಯಕ ಕಾರ್ಯಗಳನ್ನು ಎಬ್ಬಿಸುವುದು. ತನ್ನ ಸಾಲನ್ನು ಮುಗಿಸಿದ ಆಳು ಮುಂದಿನ ಸಾಲಿಗೆ ಹೋಗುವಂತೆ, ಪ್ರತಿಯೊಬ್ಬ ಸಹಾಯಕನೂ ಇನ್ನೂ ಓದದಿರುವ ಪುಟಗಳನ್ನು ಕೈಗೆತ್ತಿಕೊಂಡು ತನ್ನ ಪಾಲಿನ ಮೊತ್ತವನ್ನು ಕೂಡಿಸುವನು. ಕೊನೆಗೆ ಮುಖ್ಯ ಕಾರ್ಯವು ಈ ಮೊತ್ತಗಳನ್ನು ಒಟ್ಟುಗೂಡಿಸುವುದು. ಸರಾಸರಿಯನ್ನು ಕೇಳಿದಾಗ ಪ್ರತಿ ಸಹಾಯಕನೂ ಮೊತ್ತವನ್ನೂ ಎಣಿಕೆಯನ್ನೂ ಒಪ್ಪಿಸುವನು. ಸರಾಸರಿಗಳ ಸರಾಸರಿಯನ್ನು ತೆಗೆದರೆ ಲೆಕ್ಕ ತಪ್ಪುವ ಸಂಭವವುಂಟು.

ಆಳುಗಳನ್ನು ಹೆಚ್ಚಿಸಿದಷ್ಟೂ ಲಾಭವೆಂದು ತಿಳಿಯಬಾರದು. 100 ಸೆಕೆಂಡಿನ ಒಂದು ಲೆಕ್ಕದಲ್ಲಿ 90 ಸೆಕೆಂಡಿನ ಭಾಗವನ್ನು ಹಂಚಬಹುದು, 10 ಸೆಕೆಂಡಿನದನ್ನು ಹಂಚಲಾಗದು ಎಂದಿಟ್ಟುಕೊಂಡರೆ, ಮೂವರಿಂದ ಅದು 40 ಸೆಕೆಂಡಿಗೂ ಒಂಬತ್ತು ಜನರಿಂದ 20 ಸೆಕೆಂಡಿಗೂ ಇಳಿಯುವುದು. ಎಷ್ಟೇ ಜನ ಸೇರಿದರೂ 10ಕ್ಕಿಂತ ಕೆಳಗಿಳಿಯದು. ಜೀನ್ ಅಮ್ಡಾಲ್ ಎಂಬ ತಜ್ಞನು ಈ ಮಿತಿಯನ್ನು 1967ರಲ್ಲಿಯೇ ವಿವರಿಸಿದ್ದನು. ಇದಲ್ಲದೆ ಸಹಾಯಕರನ್ನು ಎಬ್ಬಿಸುವುದಕ್ಕೂ ವೆಚ್ಚವುಂಟು. ಪ್ರತಿಯೊಬ್ಬನಿಗೂ ಬೇರೆ ಸ್ಮೃತಿ ಬೇಕು. ಆದುದರಿಂದಲೇ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ 8 ಮೆಗಾಬೈಟಿಗಿಂತ ಚಿಕ್ಕ ಕೋಷ್ಟಕವನ್ನು ಓದಲು ಸಹಾಯಕರನ್ನು ಕರೆಯುವುದಿಲ್ಲ. ದೊಡ್ಡದಕ್ಕೂ, ಬೇರೆ ಅಪ್ಪಣೆಯಿಲ್ಲದಿದ್ದರೆ, ಇಬ್ಬರನ್ನು ಮಾತ್ರ ಕರೆಯುವುದು.

ಆದಕಾರಣ ದಾಖಲೆಗಳ ಮೇಲ್ವಿಚಾರಕರು ಮೊದಲು ಸೂಚಿಯು ಸರಿಯಾಗಿದೆಯೇ ಎಂದು ನೋಡತಕ್ಕದ್ದು. ಅನಂತರ ಸಹಾಯಕರನ್ನು ಒಬ್ಬೊಬ್ಬರಾಗಿ ಹೆಚ್ಚಿಸಿ ಕಾಲವನ್ನು ಅಳೆದು ನೋಡತಕ್ಕದ್ದು. ಪಹಣಿಗಾಗಿ ರೈತರು ಕಿಟಕಿಯ ಮುಂದೆ ನಿಂತಿರುವ ವೇಳೆಯಲ್ಲಿ ಎಲ್ಲ ಆಳುಗಳನ್ನೂ ದೊಡ್ಡ ಲೆಕ್ಕಕ್ಕೇ ತೊಡಗಿಸದೆ, ಅದನ್ನು ರಾತ್ರಿಗೆ ಇಟ್ಟುಕೊಳ್ಳುವುದು ಮೇಲು. ಲೆಕ್ಕವು ಬೇಗನೆ ಮುಗಿಯಬೇಕಾದುದು ರೈತನಿಗಾಗಿ; ಅದೇ ಲೆಕ್ಕದಿಂದ ಅವನು ಕಾಯುವಂತಾಗಬಾರದು.